ಕಣ್ಣು, ಪುಸ್ತಕ ಮತ್ತು ಬಿಸಿಲು

ನನಗೆ ಕನ್ನಡಕ ಬಂದದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಾಲೇಜಿನ ಕರಿಹಲಗೆ ಮಸುಕಾಗತೊಡಗಿದಾಗ. ಬುಡ್ಡಿ ದೀಪದ ಬದಲು ಒಂದು ಒಳ್ಳೆಯ ಲಾಂದ್ರವನ್ನಾದರೂ ಕೊಡಿಸಲಾಗಲಿಲ್ಲವಲ್ಲ ಎಂದು ನನ್ನ ತಾಯಿ ಕೊನೆಯವರೆಗೂ ತನ್ನನ್ನೇ ಹಳಿದುಕೊಂಡಳು. ಆದರೆ ಅದೇ ಬುಡ್ಡಿಯ ಮುಂದೆ ಕುಳಿತು ರಾತ್ರಿಯೆಲ್ಲ ಕಾದಂಬರಿ ಓದುತ್ತಿದ್ದ ನನ್ನ ಅಣ್ಣ ಹಗಲೆಲ್ಲ ಹೊಲದಲ್ಲಿರುತ್ತಿದ್ದ. ನಲವತ್ತರ ಚಾಳೀಸು ಬರುವವರೆಗೆ ಕನ್ನಡಕದ ಭಾರ ಅವನ ಮೂಗಿಗೆ ತಿಳಿಯಲಿಲ್ಲ. ಈ ಭೇದವೇಕೆ? ಹುಡುಕುತ್ತ ಹೋದಾಗ, ಪ್ರಶ್ನೆ ಇನ್ನೂರು ವರ್ಷ ಹಳೆಯದೆಂದು ತಿಳಿಯಿತು.

1813ರಲ್ಲಿ ಲಂಡನ್ನಿನ ನೇತ್ರವೈದ್ಯ ಜೇಮ್ಸ್ ವೇರ್ ರಾಯಲ್ ಸೊಸೈಟಿಗೆ ಒಂದು ಪ್ರಬಂಧವನ್ನೊಪ್ಪಿಸಿದ. ಸುಮಾರು 10,000 ಕಾಲಾಳುಗಳಿದ್ದ ಕಾವಲು ಪಡೆಗಳಲ್ಲಿ ಸಮೀಪದೃಷ್ಟಿಯ ದೋಷ ಇಲ್ಲವೆನ್ನುವಷ್ಟು ಕಡಮೆ. ಆಕ್ಸ್‌ಫರ್ಡಿನ ಒಂದು ಕಾಲೇಜಿನಲ್ಲಾದರೋ 127 ವಿದ್ಯಾರ್ಥಿಗಳ ಪೈಕಿ 32 ಮಂದಿ ಕನ್ನಡಕವನ್ನೋ ಕೈಗಾಜನ್ನೋ ಹಿಡಿದವರು! ಸೈನಿಕ ಬಯಲಿನಲ್ಲಿ, ವಿದ್ಯಾರ್ಥಿ ಚಾವಣಿಯ ಕೆಳಗೆ. ಆದರೂ ಜನರ ಕಣ್ಣಿಗೆ ಬಿದ್ದದ್ದು ಪುಸ್ತಕ ಮಾತ್ರ.

1867ರಲ್ಲಿ ಹರ್ಮನ್ ಕೋನ್ ಎಂಬ ವೈದ್ಯ, ಈಗ ಪೋಲೆಂಡಿಗೆ ಸೇರಿರುವ ಬ್ರೆಸ್ಲೌ ಪಟ್ಟಣ ಹಾಗೂ ಸುತ್ತಣ ಹಳ್ಳಿಗಳ 10,060 ಮಕ್ಕಳ ಕಣ್ಣು ಪರೀಕ್ಷಿಸಿದ ವಿವರಗಳನ್ನು ಪ್ರಕಟಿಸಿದ. ಹಳ್ಳಿಯ ಶಾಲೆಗಳಲ್ಲಿ ದೋಷ ನೂರಕ್ಕೆ 1.4, ಪಟ್ಟಣದ ಉನ್ನತ ಶಾಲೆಗಳಲ್ಲಿ 26. ತರಗತಿ ಏರಿದಂತೆ ದೋಷವೂ ಏರಿತ್ತು. ಎತ್ತರಕ್ಕೊಪ್ಪುವ ಮೇಜು, ದೊಡ್ಡ ಕಿಟಕಿಗಳು ಬೇಕೆಂದು ಆತ ಹೋರಾಡಿದ. ಆದರೆ ಆತ ಬಯಸಿದ ಬೆಳಕು ಪುಟದ ಮೇಲೆ ಬೀಳಬೇಕಾದದ್ದು. ಕಣ್ಣಿಗೇ ಬೆಳಕಿನ ಆಹಾರ ಬೇಕೆಂದು ಯಾರೂ ಎಣಿಸಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಅಪವಾದ ಪುಸ್ತಕದಿಂದ ವಂಶದ ಮೇಲೆ ಹೊರಳಿತು. 2008ರಲ್ಲಿ ಪ್ರಕಟವಾದ ಒಂದು ಹೋಲಿಕೆ ಆ ವಾದವನ್ನೂ ಅಲುಗಿಸಿತು. ಚೀನೀ ಮೂಲದವರೇ ಆದ ಆರೇಳು ವರ್ಷದ ಮಕ್ಕಳಲ್ಲಿ, ಸಿಂಗಪುರದವರಿಗೆ ದೋಷ ನೂರಕ್ಕೆ 29, ಸಿಡ್ನಿಯವರಿಗೆ 3 ಮಾತ್ರ. ಓದಿನಲ್ಲಿ ಸಿಡ್ನಿಯ ಮಕ್ಕಳೇ ಮುಂದು. ಆದರೆ ಅವರು ವಾರಕ್ಕೆ ಹದಿಮೂರು ಗಂಟೆಗೂ ಮಿಕ್ಕಿ ಹೊರಗಿರುತ್ತಿದ್ದರು. ಸಿಂಗಪುರದವರು ಮೂರೇ ಗಂಟೆ.

ಬೆಳಕಿಗೂ ಕಣ್ಣಿಗೂ ಏನು ನಂಟು? ಸಮೀಪದೃಷ್ಟಿಯೆಂದರೆ ಸಾಮಾನ್ಯವಾಗಿ ಕಣ್ಣಗುಡ್ಡೆ ಹಿಮ್ಮುಖವಾಗಿ ಅತಿಯಾಗಿ ಬೆಳೆದು, ದೂರದ ಬಿಂಬ ಅಕ್ಷಿಪಟಲದ ಮುಂದೆಯೇ ನಿಲ್ಲುವುದು. ಪ್ರಖರವಾದ ಬೆಳಕು ಅಕ್ಷಿಪಟಲದಲ್ಲಿ ಡೋಪಮೀನ್ ಎಂಬ ರಾಸಾಯನಿಕವನ್ನು ಹೊರಡಿಸುತ್ತದೆ. ಬೆಳವಣಿಗೆಗೆ ಕಡಿವಾಣ ಹಾಕುವುದು ಅದೇ ಎಂಬುದು ಕೋಳಿಮರಿಗಳ ಮೇಲಿನ ಪ್ರಯೋಗಗಳಿಂದ ಬಲಗೊಂಡ ಅಭಿಪ್ರಾಯ. ಕೋಣೆಯ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್. ಬಯಲಿನದು ಹತ್ತಾರು ಸಾವಿರ. ಚೀನದ ಗ್ವಾಂಗ್‌ಝೌ ನಗರದ ಕೆಲವು ಶಾಲೆಗಳು ದಿನಕ್ಕೆ 40 ನಿಮಿಷ ಮಕ್ಕಳನ್ನು ಹೆಚ್ಚಾಗಿ ಹೊರಗೆ ಬಿಟ್ಟವು. 2015ರ ವರದಿಯಂತೆ, ಮೂರು ವರ್ಷಗಳಲ್ಲಿ ಹೊಸದಾಗಿ ದೋಷ ಕಂಡವರು ಅಲ್ಲಿ ನೂರಕ್ಕೆ 30. ಹಾಗೆ ಬಿಡದ ಶಾಲೆಗಳಲ್ಲಿ 39ಕ್ಕೂ ಮೇಲು.

ವೇರ್‌ನ ಸೈನಿಕರಿಗೆ ಮರಳೋಣ. ಕಡ್ಡಾಯ ಸೇನಾಸೇವೆಗೆ ಕರೆಬಂದ ಸೋಲ್ ನಗರದ ಹತ್ತೊಂಬತ್ತರ ತರುಣರನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದೋಷವುಳ್ಳವರು ನೂರಕ್ಕೆ 96.5! ಅವರಲ್ಲಿ ಹಲವರದು ತೀವ್ರ ದೋಷ. ಮುಂದೆ ಅಕ್ಷಿಪಟಲ ಕಳಚಿ ದೃಷ್ಟಿಯೇ ಹೋಗುವ ಅಪಾಯ ಅಂಥವರಿಗೆ ಹೆಚ್ಚು.

ಓದಿನ ಪಾಲು ಏನೂ ಇಲ್ಲವೆಂದು ನಾನು ಹೇಳುವುದಿಲ್ಲ. ಉದ್ದವಾದ ಕಣ್ಣನ್ನು ಬಿಸಿಲು ಗಿಡ್ಡ ಮಾಡಲಾರದು. ದೋಷ ಬರುವ ಮುನ್ನ ತಡೆಯುವುದರಲ್ಲೇ ಅದರ ಉಪಕಾರ. ಸೂರ್ಯನನ್ನು ದಿಟ್ಟಿಸಬೇಕಾಗಿಯೂ ಇಲ್ಲ, ಬಯಲಿನ ಮರದ ನೆರಳೂ ಆದೀತು. ನನ್ನ ಮೊಮ್ಮಗ ಪುಸ್ತಕ ಹಿಡಿದಾಗ ಈಗ ನಾನು ಗದರುವುದಿಲ್ಲ. ಸಂಜೆ ನಾಲ್ಕಕ್ಕೆ ಬಾಗಿಲು ತೆರೆದು, ಅವನನ್ನೂ ಪುಸ್ತಕವನ್ನೂ ಅಂಗಳಕ್ಕೆ ಅಟ್ಟುತ್ತೇನೆ. ತಪ್ಪು ನಿನ್ನ ದೀಪದ್ದಲ್ಲವಮ್ಮಾ ಎಂದು ಹೇಳಲು ತಾಯಿ ಮಾತ್ರ ಈಗಿಲ್ಲ.