ಕ್ಷಮೆಯ ಮೇಲೆ ಎದ್ದ ದೇವಾಲಯ



ಕ್ಯಾಲಿಫೋರ್ನಿಯಾದಲ್ಲಿ ಫ್ರಾನ್ಸಿಸ್ಕನ್ ಗುರುಗಳು ಸ್ಥಾಪಿಸಿದ 21 ಮಿಷನ್‌ಗಳಲ್ಲಿ ಮೊದಲನೆಯದು ಸಾನ್ ಡಿಯಾಗೊ. 1769ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಫಾದರ್ ಹುನಿಪೆರೊ ಸೆರ್ರಾ ಅದನ್ನು ಸ್ಥಾಪಿಸಿದರು. ಆ ನಾಡು ಕುಮಿಯಾಯ್ ಎಂಬ ಮೂಲನಿವಾಸಿಗಳದ್ದು.

ಗುರುಗಳ ಜೊತೆ ಸ್ಪೇನ್ ದೊರೆಯ ಸೈನಿಕರೂ ಬಂದಿದ್ದರು. ಅವರು ಕುಮಿಯಾಯ್ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವೆಸಗಿದರು. ಜನರ ಬೆಳೆಗೆ ದನಕುದುರೆಗಳನ್ನು ಬಿಟ್ಟರು. ಅಲ್ಲಿದ್ದ ಯುವಗುರು ಫಾದರ್ ಲೂಯಿಸ್ ಹೈಮೆ ಸುಮ್ಮನಿರಲಿಲ್ಲ. 1772ರಲ್ಲಿ ಮೇಲಿನವರಿಗೆ ಪತ್ರ ಬರೆದು ಈ ಅನ್ಯಾಯವನ್ನು ಬಯಲಿಗೆಳೆದರು. 1774ರಲ್ಲಿ ಮಿಷನ್ನನ್ನು ಸೈನಿಕ ಠಾಣೆಯಿಂದ ಸುಮಾರು 10 ಕಿಲೋಮೀಟರ್ ದೂರದ ನದಿಕಣಿವೆಗೆ ಸ್ಥಳಾಂತರಿಸಲಾಯಿತು.

ಆದರೂ ಜನರ ಸಿಟ್ಟು ಆರಲಿಲ್ಲ. ತಮ್ಮ ನೆಲವೂ ಬದುಕೂ ಕೈತಪ್ಪುತ್ತಿದೆಯೆಂಬ ಭಯವೂ ಅದಕ್ಕೆ ಸೇರಿತು. 1775ರ ನವೆಂಬರ್‌ನ ಒಂದು ರಾತ್ರಿ ನೂರಾರು ಮಂದಿ ಮುತ್ತಿಗೆ ಹಾಕಿ ಮಿಷನ್‌ಗೆ ಬೆಂಕಿಯಿಟ್ಟರು. ಫಾದರ್ ಹೈಮೆ ಓಡಿಹೋಗದೆ ಅವರೆದುರಿಗೆ ನಡೆದು ಹೋದರು, ಹತರಾದರು. ಆ ಜನರ ಪರವಾಗಿ ದನಿಯೆತ್ತಿದ್ದವರೇ ಅವರ ಕೈಯಲ್ಲಿ ಸತ್ತರು.

ಸೈನ್ಯ ಸೇಡಿಗೆ ಸಿದ್ಧವಾಯಿತು. ಆಗ ಫಾದರ್ ಸೆರ್ರಾ ಮೆಕ್ಸಿಕೊದಲ್ಲಿದ್ದ ವೈಸ್‌ರಾಯ್ ಬುಕರೇಲಿಯವರಿಗೆ ಪತ್ರ ಬರೆದರು: ಕೊಂದವನನ್ನು ಕೊಲ್ಲಬೇಡಿ, ಅವನು ಬದುಕಿ ರಕ್ಷಣೆ ಹೊಂದಲಿ, ನಾವು ಬಂದದ್ದೇ ಅದಕ್ಕಾಗಿ ಎಂಬುದು ಅವರ ಬೇಡಿಕೆ. ವೈಸ್‌ರಾಯ್ ಅದಕ್ಕೆ ಸಮ್ಮತಿಸಿದರು. 1776ರಲ್ಲಿ ಸೆರ್ರಾ ತಾವೇ ಅಲ್ಲಿಗೆ ಹೋಗಿ ಮಿಷನ್ ಮತ್ತೆ ಕಟ್ಟಿಸಲು ಮುಂದಾದರು. ಈಗಿನ ದೇವಾಲಯ 1813ರಲ್ಲಿ ಪೂರ್ಣಗೊಂಡಿತು. 1976ರಲ್ಲಿ ಬಸಿಲಿಕ ಎನಿಸಿತು. ಫಾದರ್ ಹೈಮೆಯವರ ಸಮಾಧಿ ಅದರೊಳಗೇ ಇದೆ.

ಈ ಚರಿತ್ರೆಯಲ್ಲಿ ನೋವೂ ಇದೆ. ದೀಕ್ಷಾಸ್ನಾನ ಪಡೆದವರು ಅಪ್ಪಣೆಯಿಲ್ಲದೆ ಮಿಷನ್ ಬಿಟ್ಟು ಹೋಗುವಂತಿರಲಿಲ್ಲ. ಹೋದವರಿಗೆ ಚಾಟಿಯೇಟು ಬೀಳುತ್ತಿತ್ತು. ಹೊರಗಿನಿಂದ ಬಂದ ರೋಗಗಳಿಗೆ ಅನೇಕರು ಬಲಿಯಾದರು. 2015ರ ಜುಲೈನಲ್ಲಿ ಬೊಲಿವಿಯಾದಲ್ಲಿ ವಿಶ್ವಗುರು ಫ್ರಾನ್ಸಿಸ್‌ರವರು ಅಮೆರಿಕದ ಮೂಲನಿವಾಸಿಗಳ ಮೇಲಾದ ಪಾಪಗಳಿಗೆ ಕ್ಷಮೆ ಬೇಡಿದರು. ಅದೇ ಸೆಪ್ಟೆಂಬರ್ 23ರಂದು ಫಾದರ್ ಸೆರ್ರಾರನ್ನು ಸಂತರೆಂದು ಘೋಷಿಸಿದರು. ಅದನ್ನು ಒಪ್ಪದ ಮೂಲನಿವಾಸಿಗಳೂ ಇದ್ದಾರೆ. ಅವರ ಮಾತನ್ನೂ ನಾವು ಕೇಳಬೇಕು.

ಪ್ರಿಯರೇ, ಕ್ಷಮೆ ಎಂದರೆ ಅನ್ಯಾಯವನ್ನು ಮುಚ್ಚಿಡುವುದಲ್ಲ. ಫಾದರ್ ಹೈಮೆ ಅನ್ಯಾಯವನ್ನು ಅನ್ಯಾಯವೆಂದೇ ಹೇಳಿದರು. ಸಂತ ಸೆರ್ರಾ ಸೇಡು ಬೇಡವೆಂದರು. ಎರಡೂ ಸೇರಿದಾಗಲೇ ಶುಭಸಂದೇಶ. ನಮ್ಮ ಮನೆಗಳಲ್ಲಿ, ಧರ್ಮಕೇಂದ್ರಗಳಲ್ಲಿ ವರ್ಷಗಟ್ಟಲೆ ಮಾತು ಬಿಟ್ಟವರಿದ್ದಾರೆ. ಸತ್ಯವನ್ನು ಆಡುವ ಧೈರ್ಯವನ್ನೂ ಸೇಡನ್ನು ಬಿಡುವ ಮನಸ್ಸನ್ನೂ ಪ್ರಭು ನಮಗೆ ದಯಪಾಲಿಸಲಿ. ಆಮೆನ್.