ಕರಾರಿನೊಳಗಿನ ಕ್ಯಾಲೆಂಡರು

ಸರ್ಕಾರಿ ಕಾಮಗಾರಿ ನಡೆಯುವ ಜಾಗದಲ್ಲಿ ಫಲಕವೊಂದನ್ನು ನಿಲ್ಲಿಸಿರುವುದನ್ನು ನೀವು ನೋಡಿರುತ್ತೀರಿ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಗುತ್ತಿಗೆದಾರರ ಹೆಸರು, ಕೊನೆಗೆ ಎರಡು ದಿನಾಂಕಗಳು: ಪ್ರಾರಂಭ ಮತ್ತು ಮುಕ್ತಾಯ. ಮುಕ್ತಾಯದ ದಿನಾಂಕವನ್ನು ಓದಿ ನಕ್ಕು ಮುಂದೆ ಹೋಗುವವರೇ ಹೆಚ್ಚು. ಆದರೆ ಆ ದಿನ ಮೀರಿದಾಗ ನಷ್ಟವನ್ನು ಯಾರು ತುಂಬಿಕೊಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ಎಂಜಿನಿಯರುಗಳು ಮತ್ತು ನ್ಯಾಯಾಧೀಶರು ಸುಮಾರು ಎರಡು ಶತಮಾನಗಳಲ್ಲಿ ಕಾಲದ ಲೆಕ್ಕವನ್ನೇ ಬದಲಿಸಿಬಿಟ್ಟರು. ಅದರಲ್ಲಿ ವಿಜ್ಞಾನದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠಗಳಿವೆ.

ಮೊದಲಿಗೆ ಕರಾರಿನಲ್ಲಿ ಇರುತ್ತಿದ್ದುದು ಒಂದೇ ದಿನಾಂಕ. 1838ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ತೀರ್ಮಾನಿಸಿದ ‘ಹೋಮ್ ವಿರುದ್ಧ ಗಪ್ಪಿ’ ಪ್ರಕರಣವನ್ನು ನೋಡಿ. ಲಿವರ್‌ಪೂಲಿನಲ್ಲಿ ಬಿಯರ್ ತಯಾರಿಸುವ ಕಟ್ಟಡವೊಂದರ ಮರಗೆಲಸವನ್ನು ನಾಲ್ಕೂವರೆ ತಿಂಗಳಲ್ಲಿ ಮುಗಿಸಬೇಕು, ತಪ್ಪಿದರೆ ವಾರಕ್ಕೆ 40 ಪೌಂಡ್ ದಂಡ ಎಂಬುದು ಒಪ್ಪಂದ. ಆದರೆ ಮಾಲೀಕರೇ ನಾಲ್ಕು ವಾರ ಜಾಗವನ್ನು ಬಿಟ್ಟುಕೊಡಲಿಲ್ಲ. ತಡಕ್ಕೆ ತಾನೇ ಕಾರಣನಾದವನು ದಂಡ ಕೇಳುವಂತಿಲ್ಲ ಎಂದಿತು ನ್ಯಾಯಾಲಯ. ಬಡಗಿಗಳ ಕಡೆಯಿಂದಲೂ ಸ್ವಲ್ಪ ತಡವಾಗಿತ್ತು. ಆದರೂ ಮಾಲೀಕರ ಪಾಲೆಷ್ಟು, ಬಡಗಿಗಳ ಪಾಲೆಷ್ಟು ಎಂದು ಬೇರ್ಪಡಿಸುವ ಸಾಧನ ಆಗ ಇರಲಿಲ್ಲ. ನಿಗದಿಪಡಿಸಿದ ಗಡುವೇ ಬಿದ್ದುಹೋಯಿತು.

ಒಂದು ದಿನಾಂಕದ ಬದಲು ಹಲವು ಘಟ್ಟಗಳನ್ನು ಹೇಳುವುದು ಮುಂದಿನ ಉಪಾಯ. ನಮ್ಮ ಕೇಂದ್ರ ಲೋಕೋಪಯೋಗಿ ಇಲಾಖೆಯ ಹಳೆಯ ಗುತ್ತಿಗೆ ನಮೂನೆಯಲ್ಲಿ ಒಂದು ಸೊಗಸಾದ ಷರತ್ತು ಇತ್ತು: ಕಾಲು ಭಾಗ ಅವಧಿ ಕಳೆಯುವುದರೊಳಗೆ ಕೆಲಸದ 1/8, ಅರ್ಧ ಅವಧಿಗೆ 3/8, ಮುಕ್ಕಾಲು ಅವಧಿಗೆ 3/4 ಭಾಗ ಮುಗಿದಿರಬೇಕು. ಗ್ರಾಫ್ ಕಾಗದದ ಮೇಲೆ ಈ ಬಿಂದುಗಳನ್ನು ಗುರುತಿಸಿ ನೋಡಿ. ನಾಲ್ಕು ಕಾಲು ಭಾಗಗಳಲ್ಲಿ ಆಗಬೇಕಾದ ಕೆಲಸ ಕ್ರಮವಾಗಿ 1/8, 2/8, 3/8, 2/8. ನಿಧಾನವಾಗಿ ಆರಂಭ, ಮಧ್ಯದಾಚೆ ಅತಿ ಹೆಚ್ಚು ವೇಗ, ಕೊನೆಗೆ ಮತ್ತೆ ಇಳಿತ. ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿದ ರೇಖೆ ಸಿಗುತ್ತದೆ. ಕಾನೂನಿನ ಭಾಷೆಯಲ್ಲಿ ಬರೆದ ವೇಗ–ಕಾಲ ಸಂಬಂಧ ಇದು! ಕಟ್ಟಡ ಕಟ್ಟಿ ಪಳಗಿದವರ ಅನುಭವವೇ ಇದರ ಹಿಂದೆ ಇರಬೇಕು. ದೋಷವೂ ಇದೆ. ಎಷ್ಟು ಕೆಲಸ ಆಯಿತು ಎಂದು ಇದು ಕೇಳುತ್ತದೆ. ಯಾವ ಕೆಲಸ ಎಂದು ಕೇಳುವುದಿಲ್ಲ.

ಯಾವ ಕೆಲಸ ಎಂಬುದು ಎಷ್ಟು ಮುಖ್ಯ ಎನ್ನುವುದಕ್ಕೆ ಅಮೆರಿಕದ ಹೂವರ್ ಅಣೆಕಟ್ಟು ಒಳ್ಳೆಯ ನಿದರ್ಶನ. 1931ರಲ್ಲಿ ‘ಸಿಕ್ಸ್ ಕಂಪನೀಸ್’ ಎಂಬ ಒಕ್ಕೂಟ ಸುಮಾರು 4.89 ಕೋಟಿ ಡಾಲರಿಗೆ ಇದರ ಗುತ್ತಿಗೆ ಹಿಡಿಯಿತು. ಬಂಡೆ ಕೊರೆದು ನಾಲ್ಕು ಸುರಂಗ ಮಾಡಿ, ಕೊಲೊರಾಡೊ ನದಿಯನ್ನು 1933ರ ಅಕ್ಟೋಬರ್ 1ರೊಳಗೆ ಅವುಗಳಲ್ಲಿ ತಿರುಗಿಸಬೇಕಿತ್ತು. ತಪ್ಪಿದರೆ ದಿನಕ್ಕೆ 3,000 ಡಾಲರ್ ದಂಡ. ನದಿಯನ್ನು ತಿರುಗಿಸಲು ಸಾಧ್ಯವಿರುವುದು ನೀರು ಕಡಿಮೆ ಇರುವ ಚಳಿಗಾಲದಲ್ಲಿ ಮಾತ್ರ. ಆ ಕಾಲ ತಪ್ಪಿದರೆ ಒಂದು ವರ್ಷವೇ ಹೋದಂತೆ. ಒಕ್ಕೂಟವು 1932ರ ನವೆಂಬರಿನಲ್ಲೇ ನದಿಯನ್ನು ತಿರುಗಿಸಿತು. ಇದನ್ನು ಸಾಹಸವೆಂದು ಬಣ್ಣಿಸುವವರು ಇನ್ನೊಂದು ಮುಖವನ್ನು ಮರೆಯುತ್ತಾರೆ. ಗಾಳಿಯಾಡದ ಸುರಂಗಗಳಲ್ಲಿ ಪೆಟ್ರೋಲ್ ಲಾರಿಗಳ ಹೊಗೆಯ ನಡುವೆ ಕಾರ್ಮಿಕರು ದುಡಿದರು. 1931ರ ಆಗಸ್ಟಿನ ಮುಷ್ಕರ ವಿಫಲವಾಯಿತು. ಗಡುವಿನ ಬೆಲೆಯನ್ನು ತೆತ್ತವರು ಕರಾರಿಗೆ ಸಹಿ ಹಾಕಿದವರಲ್ಲ.

ಇಂಥ ಕೆಲಸಗಳನ್ನು ಕಾಗದದ ಮೇಲೆ ತೋರಿಸಲು ಆಗ ಬಳಕೆಯಲ್ಲಿದ್ದುದು ಪಟ್ಟಿ ನಕ್ಷೆ, ಅಂದರೆ ಬಾರ್ ಚಾರ್ಟ್. ಒಂದೊಂದು ಕೆಲಸಕ್ಕೆ ಒಂದೊಂದು ಅಡ್ಡಪಟ್ಟಿ. ಪಟ್ಟಿಯ ಉದ್ದವೇ ಅವಧಿ. ಅಮೆರಿಕದ ಹೆನ್ರಿ ಗ್ಯಾಂಟ್ ಹೆಸರಿನಿಂದ ಇದು ಪ್ರಸಿದ್ಧ. ಅವನಿಗಿಂತ ಮೊದಲೇ, 1890ರ ದಶಕದಲ್ಲಿ, ಪೋಲೆಂಡಿನ ಎಂಜಿನಿಯರ್ ಕರೋಲ್ ಆಡಮಿಯೆಟ್ಸ್ಕಿ ಇಂಥದೇ ನಕ್ಷೆಯನ್ನು ರೂಪಿಸಿದ್ದ. ಆದರೆ ಅವನು ಇಂಗ್ಲಿಷಿನಲ್ಲಿ ಬರೆಯಲಿಲ್ಲ. ಕನ್ನಡದಲ್ಲಿ ವಿಜ್ಞಾನ ಬರೆಯುವ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಇರಲಿ. ಪಟ್ಟಿ ನಕ್ಷೆ ಯಾವ ಕೆಲಸ ಯಾವಾಗ ಎಂದು ಹೇಳುತ್ತದೆ. ಇದು ತಡವಾದರೆ ಮತ್ತಾವುದು ತಡವಾಗುತ್ತದೆ ಎಂದು ಹೇಳುವುದಿಲ್ಲ.

ಆ ಕೊರತೆ ತುಂಬಿದ್ದು ಕಂಪ್ಯೂಟರ್ ಬಂದ ಮೇಲೆ. 1957ರ ಸುಮಾರಿಗೆ ಡೂಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಯ ಜೇಮ್ಸ್ ಕೆಲಿ ಸೇರಿ, ಯುನಿವ್ಯಾಕ್ ಯಂತ್ರದ ನೆರವಿನಿಂದ ‘ನಿರ್ಣಾಯಕ ಪಥ’ ವಿಧಾನವನ್ನು ರೂಪಿಸಿದರು. ಕೆಲಸಗಳನ್ನು ಬಾಣಗಳ ಜಾಲವಾಗಿ ಬರೆದು, ಆರಂಭದಿಂದ ಅಂತ್ಯದವರೆಗೆ ಅತಿ ಹೆಚ್ಚು ಕಾಲ ಹಿಡಿಯುವ ದಾರಿಯನ್ನು ಹುಡುಕುವುದೇ ಇದರ ತಿರುಳು. ಬೆಳಕು ಅತಿ ಕಡಿಮೆ ಕಾಲದ ದಾರಿ ಹಿಡಿಯುತ್ತದೆ ಎಂಬ ಫರ್ಮಾ ತತ್ವವನ್ನು ನೀವು ಓದಿದ್ದೀರಿ. ಇಲ್ಲಿ ತಿರುವುಮುರುವು: ಅತಿ ದೀರ್ಘ ದಾರಿಯೇ ಯೋಜನೆಯ ಅವಧಿಯನ್ನು ನಿರ್ಧರಿಸುತ್ತದೆ. ಡೂಪಾಂಟಿನ ಲೂಯಿವಿಲ್ ಕಾರ್ಖಾನೆಯಲ್ಲಿ ದುರಸ್ತಿಗಾಗಿ ಯಂತ್ರ ನಿಲ್ಲಿಸುವ ಅವಧಿ ಇದರಿಂದಾಗಿ 125 ಗಂಟೆಗಳಿಂದ 93ಕ್ಕೆ ಇಳಿಯಿತು. 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಫಾಂಡಾಲ್, ಕಂಪ್ಯೂಟರ್ ಇಲ್ಲದೆ ಕೈಯಲ್ಲೇ ಈ ಲೆಕ್ಕ ಮಾಡುವ ಬಗೆಯನ್ನು ನಿರ್ಮಾಣ ಉದ್ಯಮಕ್ಕೆ ಕೊಟ್ಟರು. ಅದೇ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗಳು, ಗುತ್ತಿಗೆದಾರ ಇಂಥ ಜಾಲನಕ್ಷೆಯನ್ನು ಒಪ್ಪಿಸಲೇಬೇಕೆಂದು ಕರಾರಿನಲ್ಲಿ ಬರೆಯತೊಡಗಿದವು. ಅಂತಾರಾಷ್ಟ್ರೀಯ ಕಾಮಗಾರಿಗಳಲ್ಲಿ ಬಳಕೆಯಾಗುವ ಫಿಡಿಕ್ ಸಂಸ್ಥೆಯ 1999ರ ನಮೂನೆಯಲ್ಲಿ, ಕೆಲಸ ಆರಂಭಿಸುವ ಸೂಚನೆ ಬಂದ 28 ದಿನಗಳೊಳಗೆ ವಿವರವಾದ ವೇಳಾಪಟ್ಟಿ ಕೊಡಬೇಕೆಂಬ ಷರತ್ತು ಇದೆ.

ಇಲ್ಲಿಂದ ಹೊಸ ತಕರಾರು ಶುರು. ಒಂದು ಶಾಲಾ ಕಟ್ಟಡವನ್ನು ಊಹಿಸಿಕೊಳ್ಳಿ. ಅಡಿಪಾಯ 4 ವಾರ, ಗೋಡೆ 6, ತಾರಸಿ 5, ಬಣ್ಣ ಮತ್ತಿತರ ಕೆಲಸ 3. ಒಟ್ಟು 18 ವಾರ. ಬಾಗಿಲು–ಕಿಟಕಿಗಳ ಮರಗೆಲಸ ಬೇರೆಡೆ ನಡೆಯುತ್ತದೆ. ಅದಕ್ಕೆ 8 ವಾರ ಸಾಕು. ಬಣ್ಣ ಬಳಿಯುವ ಮೊದಲು, ಅಂದರೆ 15ನೇ ವಾರದ ಕೊನೆಗೆ, ಸಿದ್ಧವಾದರೆ ಸರಿ. ಹಾಗಾಗಿ ಮರಗೆಲಸಕ್ಕೆ 7 ವಾರ ಬಿಡುವು ಇದೆ. ಎಂಜಿನಿಯರುಗಳು ಇದನ್ನು ‘ಫ್ಲೋಟ್’ ಎನ್ನುತ್ತಾರೆ. ಬಿಡುವು ಎಂಬ ಮನೆಮಾತೇ ನನಗೆ ಇಷ್ಟ.

ಈಗ ಯಾವ ಮರ ಬೇಕೆಂದು ತಿಳಿಸಲು ಮಾಲೀಕ 6 ವಾರ ತಡಮಾಡಿದ ಎನ್ನೋಣ. ಕಟ್ಟಡಕ್ಕೇನೂ ತೊಂದರೆ ಇಲ್ಲ. ಆಮೇಲೆ ಗುತ್ತಿಗೆದಾರನ ಬಡಗಿ 2 ವಾರ ಬರಲಿಲ್ಲ. 6 ಮತ್ತು 2 ಸೇರಿ 8, ಬಿಡುವು 7. ಕಟ್ಟಡ ಒಂದು ವಾರ ತಡವಾಯಿತು. ಆ ವಾರ ಯಾರದು? ಮಾಲೀಕನ 6 ವಾರ ಮಾತ್ರ ಆಗಿದ್ದರೆ ತಡವಿಲ್ಲ. ಬಡಗಿಯ 2 ವಾರ ಮಾತ್ರ ಆಗಿದ್ದರೂ ಇಲ್ಲ. ತರಗತಿಯಲ್ಲಿ ಈ ಪ್ರಶ್ನೆ ಕೇಳಿ ನೋಡಿ, ಎರಡು ಗುಂಪು ಖಂಡಿತ ಆಗುತ್ತವೆ.

ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ 2002ರಲ್ಲಿ ಪ್ರಕಟಿಸಿದ, 2017ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ಬಿಡುವು ಮಾಲೀಕನದೂ ಅಲ್ಲ, ಗುತ್ತಿಗೆದಾರನದೂ ಅಲ್ಲ, ಅದು ಯೋಜನೆಯದು. ಮೊದಲು ಬಂದವರು ಬಳಸಿಕೊಳ್ಳಬಹುದು. ಹಾಗಾದರೆ ನಮ್ಮ ಉದಾಹರಣೆಯಲ್ಲಿ ನಷ್ಟ ಗುತ್ತಿಗೆದಾರನದು. ಆದರೆ ಅವನ 2 ವಾರ ಮೊದಲು ಆಗಿ, ಮಾಲೀಕನ 6 ವಾರ ಆಮೇಲೆ ಬಂದಿದ್ದರೆ ಗುತ್ತಿಗೆದಾರನಿಗೆ ಒಂದು ವಾರ ಹೆಚ್ಚಿನ ಅವಧಿ ಸಿಗುತ್ತಿತ್ತು. ಅಂಕಗಣಿತದಲ್ಲಿ 6+2 ಮತ್ತು 2+6 ಒಂದೇ; ಇಲ್ಲಿ ಒಂದೇ ಅಲ್ಲ. ಪುಸ್ತಕವೊಂದನ್ನು ಎರಡು ಅಕ್ಷಗಳ ಸುತ್ತ ತಿರುಗಿಸುವಾಗ ಕ್ರಮ ಬದಲಾದರೆ ಫಲವೂ ಬದಲಾಗುವುದಿಲ್ಲವೇ, ಹಾಗೆ. ನನಗೇನೋ ಈ ಹಂಚಿಕೆ ಪೂರ್ತಿ ನ್ಯಾಯವೆನಿಸುವುದಿಲ್ಲ. ಆದರೆ ಯಾವ ತಡ ಯಾವಾಗ ಆಯಿತು ಎಂದು ಅಂದಂದೇ ದಾಖಲಿಸುವಂತೆ ಇಬ್ಬರನ್ನೂ ಇದು ಕಟ್ಟಿಹಾಕುತ್ತದೆ. ಬಿಡುವನ್ನು ಬಚ್ಚಿಡಲು ಅವಧಿಗಳನ್ನು ಉಬ್ಬಿಸಿ ಬರೆಯುವ ಚಾಳಿ ಹುಟ್ಟಿದ್ದೂ ಇದೇ ಕಾರಣಕ್ಕೆ.

ಜಾಲನಕ್ಷೆ ಇಲ್ಲದ ಕರಾರುಗಳ ಪಾಡು ಏನಾಗುತ್ತಿತ್ತು ಎಂಬುದಕ್ಕೆ ನಮ್ಮ ದೇಶದ್ದೇ ಪ್ರಕರಣವಿದೆ. ಆಗಿನ ಮುಂಬಯಿ ರಾಜ್ಯದಲ್ಲಿ ನದಿಯೊಂದರ ಮೇಲೆ ಮೇಲ್ಗಾಲುವೆ ಕಟ್ಟುವ ಕೆಲಸ. ಆರಂಭ 1955ರ ಜುಲೈ 5, ಅವಧಿ 12 ತಿಂಗಳು. ನಡು ಮಳೆಗಾಲದಲ್ಲಿ ನದಿಯೊಳಗೆ ಕೆಲಸ ಆರಂಭ ಎಂದು ಬರೆದವರು ಆಕಾಶವನ್ನು ನೋಡಿದ್ದರೇ! ಕೆಲಸ ಮುಗಿಯಲಿಲ್ಲ. 1956ರಲ್ಲಿ ಸರ್ಕಾರ ಗುತ್ತಿಗೆಯನ್ನು ರದ್ದುಮಾಡಿ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ವಿಪರೀತ ಮಳೆ, ಸರಿಯಾದ ದಾರಿ ಇಲ್ಲದ್ದು ಕಾರಣವೆಂದು ಗುತ್ತಿಗೆದಾರರು ವಾದಿಸಿದರು. ತಡಕ್ಕೆ ದಿನದ ಲೆಕ್ಕದಲ್ಲಿ ದಂಡ, ಅವಧಿ ವಿಸ್ತರಣೆಗೆ ಅವಕಾಶ, ಎರಡೂ ಕರಾರಿನಲ್ಲಿ ಇರುವಾಗ 12 ತಿಂಗಳು ಎಂಬುದು ಕರಾರಿನ ಜೀವಾಳವಾಗಲಾರದು; ಹೊಸದೊಂದು ಸೂಕ್ತ ಅವಧಿ ಗೊತ್ತುಪಡಿಸದೆ ರದ್ದು ಮಾಡಿದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಗ 1979 ಬಂದಿತ್ತು. ಹನ್ನೆರಡು ತಿಂಗಳ ಕೆಲಸದ ವ್ಯಾಜ್ಯ ತೀರಲು ಇಪ್ಪತ್ತೆರಡು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.