ಲ್ಯಾಕ್ಸ್‌ಟನ್ ಗ್ರಾಮದ ಬಯಲು ಹೊಲಗಳು

ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಊರೊಟ್ಟಿನ ಬಯಲುಗಳು ಪಾರ್ಲಿಮೆಂಟಿನ ಶಾಸನಗಳ ಮೂಲಕ ಬೇಲಿಯೊಳಗಾದ ಸಂಗತಿಯು ಚರಿತ್ರೆಯನ್ನೋದಿದವರಿಗೆ ವಿದಿತವೇ ಇದೆ. ನಾಟಿಂಗ್‌ಹ್ಯಾಂಷೈರಿನ ಲ್ಯಾಕ್ಸ್‌ಟನ್ ಎಂಬ ಚಿಕ್ಕ ಗ್ರಾಮವು ಮಾತ್ರ ಈ ಪ್ರವಾಹದಲ್ಲಿ ಪೂರ್ಣವಾಗಿ ಕೊಚ್ಚಿಹೋಗಲಿಲ್ಲ. 1635ರಲ್ಲಿ ಮಾರ್ಕ್ ಪಿಯರ್ಸನು ರಚಿಸಿದ ಇದರ ನಕ್ಷೆಯು ಆಕ್ಸ್‌ಫರ್ಡಿನ ಬಾಡ್ಲಿಯನ್ ಪುಸ್ತಕಭಂಡಾರದಲ್ಲಿರುವುದು. ಅದರಲ್ಲಿ ಕಾಣುವ ದೊಡ್ಡ ಹೊಲಗಳ ಪೈಕಿ ಪಶ್ಚಿಮದ ಹೊಲ, ಗಿರಣಿಯ ಹೊಲ, ದಕ್ಷಿಣದ ಹೊಲ ಎಂಬ ಮೂರು ಇಂದಿಗೂ ಉಳಿದಿವೆ; ಪಟ್ಟೆಗಳು ಮಾತ್ರ ಮೊದಲಿಗಿಂತ ಕಡಮೆಯಾಗಿ ಅಗಲವಾಗಿವೆ.

ಇಲ್ಲಿ ಮುಖ್ಯವಾದುದು ಗ್ರಾಮದ ನ್ಯಾಯಸಭೆ. ವರ್ಷಕ್ಕೊಮ್ಮೆ ಚಳಿಗಾಲದ ಮೊದಲಲ್ಲಿ ಒಕ್ಕಲಿಗರೊಳಗಿನ ಪಂಚರೇ ಗೋಧಿ ಬಿತ್ತಿದ ಹೊಲವನ್ನು ನಡೆದು ನೋಡಿ, ಎಲ್ಲೆಗಳಲ್ಲಿ ಗೂಟಗಳನ್ನು ನೆಡುವರು. ದಾರಿಯನ್ನಾಗಲಿ ಹುಲ್ಲುಪಟ್ಟೆಯನ್ನಾಗಲಿ ಒತ್ತಿ ಉತ್ತವನಿಗೆ ಸಭೆಯು ದಂಡ ಹಾಕುವುದು. ದಂಡದ ಹಣವು ಅತ್ಯಲ್ಪ. ನೆರೆಹೊರೆಯವರೆದುರಿಗೆ ತಪ್ಪಿತಸ್ಥನೆನ್ನಿಸಿಕೊಳ್ಳುವುದೇ ದೊಡ್ಡದೆಂದು ನನಗೆ ತೋರುತ್ತದೆ. ಈ ವರ್ಷದ ಪಂಚನು ಮುಂದೊಮ್ಮೆ ಆಪಾದಿತನಾಗಿ ನಿಲ್ಲಬಹುದಷ್ಟೆ!

ಆದರೆ ಇದನ್ನು ಸ್ವತಂತ್ರ ಗ್ರಾಮರಾಜ್ಯವೆಂದು ಹೊಗಳುವುದು ಸರಿಯಲ್ಲ. ಒಕ್ಕಲಿಗರು ಗೇಣಿದಾರರು; ನೆಲದ ಒಡೆತನವು ಮ್ಯಾನ್ವರ್ಸ್ ಮನೆತನದಿಂದ 1952ರಲ್ಲಿ ವ್ಯವಸಾಯಮಂತ್ರಿಶಾಖೆಗೂ, 1981ರಲ್ಲಿ ರಾಜಸಂಸ್ಥಾನದ ಆಸ್ತಿಗೂ ಸೇರಿ, 2020ರಲ್ಲಿ ಮ್ಯಾನ್ವರ್ಸರ ಥೋರ್ಸ್‌ಬಿ ಸಂಸ್ಥಾನಕ್ಕೇ ಮರಳಿ ಸಂದಿತು. ಈ ಎಲ್ಲ ಕೈಬದಲುಗಳ ನಡುವೆಯೂ ಪಂಚರ ಹೊಲದ ನಡಿಗೆಯು ಮುಂದುವರಿದುಬಂದಿದೆ.